ಆಚೆ ತುದಿ

ಬೆಡ್‌ಶೀಟು ಮಡಚುವುದು ಒಬ್ಬರ ಕೆಲಸವಲ್ಲ. ಟವೆಲನ್ನು ಒಬ್ಬರೇ ಮಡಚಬಹುದು, ದಿಂಬಿನ ಚೀಲವನ್ನು ಕಣ್ಣು ಮುಚ್ಚಿಕೊಂಡು ಮಡಚಬಹುದು. ಆದರೆ ಇಬ್ಬರು ಮಲಗುವ ಮಂಚದ ಶೀಟಿಗೆ ಇಬ್ಬರು ಬೇಕೇ ಬೇಕು. ಈ ತುದಿಗೊಬ್ಬರು, ಆ ತುದಿಗೊಬ್ಬರು. ಮೂಲೆಗಳನ್ನು ಹಿಡಿದು ಇಬ್ಬರೂ ಪಟ್ಟೆಂದು ಕೊಡವಿ ಒದರಬೇಕು, ಉದ್ದಕ್ಕೆ ಮಡಚಿ ಬಿಗಿಯಾಗಿ ಜಗ್ಗಬೇಕು, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ಬೆರಳಿಗೆ ಬೆರಳು ತಾಗುತ್ತದೆ. ಒಬ್ಬರು ಎರಡೂ ತುದಿಯನ್ನು ಹಿಡಿದುಕೊಂಡರೆ ಇನ್ನೊಬ್ಬರು ಬಗ್ಗಿ ಕೆಳಗಿನ ಮಡಿಕೆಯನ್ನು ಎತ್ತಿಕೊಂಡು ಮತ್ತೆ ಹಿಂದಕ್ಕೆ ಸರಿಯುತ್ತಾರೆ. ನೋಡುವವರಿಗೆ ಇದು ಕುಣಿತದ ಹಾಗೆ ಕಾಣುತ್ತದೆ. ಮಾಡುವವರಿಗೆ ಸಂಜೆ ಹೊತ್ತಿಗೆ ಭುಜ ಕಳಚಿ ಕೈಗೆ ಬಂದಂತಿರುತ್ತದೆ.

ಆ ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಈ ಕೆಲಸಕ್ಕೆ ತಾಯಿ ಮಗಳು ಇದ್ದರು. ಮಗಳಿಗೆ ಮಾತು ಕಡಿಮೆ. ಅವಳು ಬಂದದ್ದು ಹೋದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಿರುಗಿ ನೋಡಿದರೆ ಪಕ್ಕದಲ್ಲೇ ನಿಂತಿರುತ್ತಿದ್ದಳು. ಒಮ್ಮೆ ಇಸ್ತ್ರಿ ಮಾಡುವಾತ ಹಾಗೆಯೇ ಬೆಚ್ಚಿಬಿದ್ದು, "ಕೊರಳಿಗೆ ಗೆಜ್ಜೆನಾದ್ರೂ ಕಟ್ಕೊಳ್ಳೇ ಬೆಕ್ಕಮ್ಮ, ಜೀವ ಬಾಯಿಗೆ ಬಂತು!" ಎಂದಿದ್ದ. ಅಂದಿನಿಂದ ಅವಳು ಎಲ್ಲರಿಗೂ ಬೆಕ್ಕಮ್ಮನೇ ಆದಳು.

ತಾಯಿ ಇದಕ್ಕೆ ಪೂರ್ತಿ ಉಲ್ಟಾ, ಮಾತಿನಮಲ್ಲಿ. ಮೇಲಿನ ಕೋಣೆಗಳಿಂದ ಬಂದ ಶೀಟುಗಳನ್ನು ನೋಡಿಯೇ ಅಲ್ಲಿ ಮಲಗಿದವರ ಕಥೆ ಕಟ್ಟುತ್ತಿದ್ದಳು. "ಇವನು ರಾತ್ರಿಯೆಲ್ಲ ಹೊರಳಾಡಿದ್ದಾನೆ ನೋಡು, ಮೂಲೆ ಹೇಗೆ ಕಿತ್ತು ಬಂದಿದೆ. ಪಾಪ, ಯಾವ ಸಾಹೇಬರ ಹತ್ರ ಬೈಸ್ಕೊಂಡಿದ್ನೋ." ಮಗಳು ನಗುತ್ತಿದ್ದಳು. ಅವರಿಬ್ಬರಿಗೆ ಮುಖ ನೋಡುವ ಅಗತ್ಯವೇ ಇರಲಿಲ್ಲ. ಶೀಟಿನ ಜಗ್ಗಾಟದಲ್ಲೇ ಎಲ್ಲ ತಿಳಿಯುತ್ತಿತ್ತು. ಅಮ್ಮನಿಗೆ ಸೊಂಟ ನೋವಿದ್ದರೆ ಶೀಟು ಕೆಳಗೆ ಜೋಲುತ್ತಿತ್ತು. ಸಿಟ್ಟಿದ್ದರೆ ಕೈಯಿಂದ ಕಿತ್ತುಕೊಂಡು ಹೋಗುತ್ತಿತ್ತು. ಮಗಳು ಬೇಸರದಲ್ಲಿದ್ದಾಳೆಂದು ಗೊತ್ತಾದರೆ ಅಮ್ಮ ತನ್ನ ತುದಿಯನ್ನು ಇದ್ದಕ್ಕಿದ್ದಂತೆ ಸಡಿಲ ಬಿಡುತ್ತಿದ್ದಳು. ಮಗಳು ತಡವರಿಸಿ ಹಿಂದಕ್ಕೆ ವಾಲಿದಾಗ, "ಎಲ್ಲಿತ್ತೇ ನಿನ್ನ ಜ್ಞಾನ?" ಎಂದು ಕೇಕೆ ಹಾಕಿ ನಗುತ್ತಿದ್ದಳು. ಅದು ಅವಳ ಆಟ.

ಹೋದ ವರ್ಷ ಒಂದು ಮಧ್ಯಾಹ್ನ ತುದಿ ಹಾಗೆಯೇ ಸಡಿಲವಾಯಿತು. ಒದರಲೆಂದು ಎತ್ತಿದ್ದ ಶೀಟು ಇಬ್ಬರ ನಡುವೆ ಪರದೆಯಂತಿತ್ತು. ಬೆಕ್ಕಮ್ಮ ನಕ್ಕಳು. "ಸಾಕಮ್ಮ ನಿನ್ನಾಟ, ಇನ್ನೂ ರಾಶಿ ಬಿದ್ದಿದೆ" ಎಂದಳು. ಶೀಟು ಗಾಳಿ ಬಿಟ್ಟುಕೊಂಡು ಮೆಲ್ಲಗೆ ಕೆಳಗಿಳಿಯಿತು. ಆಚೆ ಯಾರೂ ನಿಂತಿರಲಿಲ್ಲ.

ಹೃದಯ, ಎಂದರು ಆಸ್ಪತ್ರೆಯವರು.

ಕೆಲಸಕ್ಕೆ ಮರಳಿದ ಮೇಲೆ ಬೆಕ್ಕಮ್ಮ ಯಾರ ಜೊತೆಗೂ ಶೀಟು ಹಿಡಿಯಲಿಲ್ಲ. ಯಾರಾದರೂ ಆಚೆ ತುದಿ ಹಿಡಿದರೆ ಸಾಕು, ಅದು ಈಗ ಸಡಿಲವಾಗುತ್ತದೆ, ಇನ್ನೇನು ಆಗುತ್ತದೆ ಎಂದು ಅವಳ ಕೈ ತಣ್ಣಗಾಗುತ್ತಿತ್ತು. ಅವಳ ಸ್ಥಿತಿ ನೋಡಲಾಗದೆ ಇಸ್ತ್ರಿಯಾತನೇ ಗೋಡೆಗೆ ಎರಡು ಕೊಕ್ಕೆ ಹೊಡೆದುಕೊಟ್ಟ. ಆಚೆಯ ಮೂಲೆಗಳನ್ನು ಕ್ಲಿಪ್ಪಿನಿಂದ ಕೊಕ್ಕೆಗೆ ಸಿಕ್ಕಿಸಿ, ಈಚೆಯ ಮೂಲೆಗಳನ್ನು ತಾನು ಹಿಡಿದು ಅವಳು ಒಬ್ಬಳೇ ಮಡಚತೊಡಗಿದಳು. ಕೊಕ್ಕೆ ಆಟವಾಡುವುದಿಲ್ಲ. ಕೊಕ್ಕೆಗೆ ಸೊಂಟ ನೋವು ಬರುವುದಿಲ್ಲ. ಎಷ್ಟು ಜಗ್ಗಿದರೂ ಅದು ಇದ್ದಲ್ಲೇ ಇರುತ್ತದೆ. ಇದ್ದಲ್ಲೇ ಇದೆಯೆಂದು ಖಾತ್ರಿ ಮಾಡಿಕೊಳ್ಳಲು ಅವಳು ಇನ್ನಷ್ಟು ಜಗ್ಗುತ್ತಿದ್ದಳು. ದಿನ ಕಳೆದಂತೆ ಅವಳ ಭುಜಗಳು ಕಿವಿಯ ಹತ್ತಿರಕ್ಕೆ ಏರಿ ಅಲ್ಲೇ ಬಿಡಾರ ಹೂಡಿದವು.

ಹೋಟೆಲು ಬೆಳೆಯಿತು. ಮೇಲೆ ಇನ್ನೊಂದು ಸಾಲು ಕೋಣೆಗಳು ಎದ್ದವು. ಒಂದು ದಿನ ಲಾಂಡ್ರಿಯ ಮೇಲ್ವಿಚಾರಕಿ ಅವಳ ಹಿಂದೆ ಬಂದು ನಿಂತು, ಒಂದು ಶೀಟು ಮಡಚಿ ಮುಗಿಯುವವರೆಗೂ ನೋಡಿದಳು.

"ನಾನೂ ಸುಮ್ನಿದ್ದೆ ಇಷ್ಟು ದಿನ. ನಿಮ್ಮಮ್ಮ ನನಗೂ ಬೇಕಾದವರು. ಆದ್ರೆ ಈ ಕೊಕ್ಕೆ ಜೊತೆ ಸರಸ ಮಾಡ್ಕೊಂಡಿದ್ರೆ ಮೇಲಿನವರು ನನ್ನ ತಲೆ ತಿಂತಾರೆ. ತಿಂಗಳ ಮೊದಲಿಗೆ ಒಬ್ಬರು ಹೊಸಬರು ಬರ್ತಿದ್ದಾರೆ. ಅವರ ಜೊತೆ ಹಿಡೀತೀಯಾ?"

ಬೆಕ್ಕಮ್ಮ ಮಡಚಿದ ಶೀಟನ್ನು ರಾಶಿಯ ಮೇಲಿಟ್ಟು ಅಂಚು ಸರಿಮಾಡಿದಳು.

"ಆಗಲ್ಲ ಅಂದ್ರೆ ಟವೆಲ್ ಕೋಣೆಗೆ ಹೋಗು. ಬಲವಂತ ಇಲ್ಲ. ನೀನೇ ಯೋಚ್ನೆ ಮಾಡು."

ಟವೆಲ್ ಕೋಣೆ ಓಣಿಯ ಕೊನೆಗಿತ್ತು. ಕಿಟಕಿಯಿಲ್ಲ. ಒಬ್ಬರ ಕೆಲಸ, ಒಬ್ಬರ ಸ್ಟೂಲು. ಮೊದಲು ಅಲ್ಲಿದ್ದಾಕೆ ವರ್ಷಗಟ್ಟಲೆ ಟವೆಲು ಮಡಚಿ ನಿವೃತ್ತಳಾದಳು. ಅವಳು ಹೋದದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. ಬೆಕ್ಕಮ್ಮನಿಗೆ ಆ ಕೋಣೆಯನ್ನು ನೆನೆದರೆ ಭಯವಾಗುತ್ತಿತ್ತು. ಅದಕ್ಕಿಂತ ಹೆಚ್ಚು ಭಯವಾದದ್ದು ಆ ಕೋಣೆ ತನಗೆ ಇಷ್ಟವೂ ಆಗುತ್ತಿದೆ ಎಂಬುದಕ್ಕೆ. ಅಲ್ಲಿ ಹೊಕ್ಕರೆ ಮುಗಿಯಿತು, ಯಾರೂ ಕರೆಯುವುದಿಲ್ಲ, ಯಾರೂ ಬಿಟ್ಟುಹೋಗುವುದಿಲ್ಲ.

ಎದೆ ಬಡಿದುಕೊಳ್ಳುವುದು ಅದಕ್ಕೂ ಮೊದಲೇ ಶುರುವಾಗಿತ್ತು. ಕೆಲಸದಿಂದ ಬಂದು, ಬಾಗಿಲು ಹಾಕಿ, ಚಹಾಕ್ಕೆ ನೀರಿಟ್ಟು ಸುಮ್ಮನೆ ನಿಂತಿರುವಾಗ ಇದ್ದಕ್ಕಿದ್ದಂತೆ ಡವಡವ ಎನ್ನುತ್ತಿತ್ತು. ಬೆರಳು ಜೋಮು ಹಿಡಿಯುತ್ತಿತ್ತು. ಅಮ್ಮನದು ಬಂತು ಎಂದುಕೊಳ್ಳುತ್ತಿದ್ದಳು. ಓಡಿ ನಲ್ಲಿ ತಿರುಗಿಸುವಳು, ಮುಖಕ್ಕೆ ನೀರು ಹಾಕಿಕೊಳ್ಳುವಳು, ಬಾಗಿಲ ಅಗಳಿ ತೆಗೆದಿಡುವಳು. ಸತ್ತರೆ ಬಾಗಿಲು ಒಡೆಯುವ ಕಷ್ಟ ಯಾರಿಗೂ ಬೇಡವೆಂದು.

ಡಾಕ್ಟರು ಇಸಿಜಿ ತೆಗೆಸಿದರು, ರಕ್ತ ನೋಡಿದರು, ತಾಯಿಯ ವಿಷಯ ಕೇಳಿದರು. "ಹೃದಯ ಗಟ್ಟಿಯಾಗಿದೆಯಮ್ಮ, ಅದಕ್ಕೇನೂ ಆಗಿಲ್ಲ. ಭಯ ಮೈಯಲ್ಲಿ ಕೂತ್ಕೊಂಡ್ರೆ ಹೀಗಾಗ್ತದೆ. ದಿನಾ ನಡೀರಿ, ಮೈ ಆಡ್ಸಿ. ಮೈ ಏನು ಹೇಳ್ತದೆ ಅಂತ ಸ್ವಲ್ಪ ಕೇಳಿಸ್ಕೊಳ್ಳಿ" ಎಂದರು.

ಕೇಳಿಸಿಕೊಳ್ಳುವುದಂತೆ! ಬೆಕ್ಕಮ್ಮನಿಗೆ ಅಳು ಬರುವಷ್ಟು ನಗು ಬಂತು. ಇನ್ನೇನು ಮಾಡುತ್ತಿದ್ದೇನೆ ಹಗಲೂ ರಾತ್ರಿ? ಬೀಗ ಹಾಕಿದ ಮನೆಯೊಳಗೆ ಕೂತವಳು ಹೊರಗೆ ಕಳ್ಳನ ಹೆಜ್ಜೆಗೆ ಕಿವಿ ಕೊಟ್ಟಂತೆ ಅವಳು ತನ್ನ ಎದೆಗೆ ಕಿವಿ ಕೊಟ್ಟಿದ್ದಳು. ಕೇಳಿದಷ್ಟೂ ಅದು ಜೋರಾಗುತ್ತಿತ್ತು.

ಆದರೂ ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಎದ್ದು ಹೊರಟಳು. ಬೀದಿಯ ಕೊನೆಯಲ್ಲಿ ನೀರಿನ ಟ್ಯಾಂಕು, ಅದನ್ನು ಸುತ್ತಿ ಹೋಗುವ ಏರು ರಸ್ತೆ. ನಡೆಯುವುದರಿಂದ ಒಳ್ಳೆಯದಾಗುವುದಾದರೆ ಓಡಿದರೆ ಇನ್ನೂ ಬೇಗ ಒಳ್ಳೆಯದಾಗಬೇಕಲ್ಲ? ಲಾಂಡ್ರಿಯ ಬುದ್ಧಿ ಅದು. ಅಲ್ಲಿ ಮೊದಲು ರಾಶಿ ಮುಗಿಯಬೇಕು, ಮೈಕೈ ನೋವೆಲ್ಲ ಆಮೇಲೆ. ಹಲ್ಲು ಕಚ್ಚಿಕೊಂಡು ಓಡಿದಳು. ಟ್ಯಾಂಕಿನ ಅರ್ಧ ಸುತ್ತು ಬರುವಷ್ಟರಲ್ಲಿ ಎದೆ ನಗಾರಿಯಾಯಿತು. ಇದೇ ಅದು, ಬಂದೇಬಿಟ್ಟಿತು ಎಂದು ರಸ್ತೆಯಂಚಿನ ಕಲ್ಲಿನ ಮೇಲೆ ಕುಸಿದು ಕೂತಳು.

"ಏಯ್, ಮೇಲ್ಮನೆ ಹುಡುಗಿ! ಇಲ್ಲ್ಯಾಕೆ ಸ್ಟಾಪ್ ಹಾಕಿದ್ದೀಯಾ?"

ತಲೆ ಎತ್ತಿದರೆ ಕೆಳಮನೆಯ ಕಂಡಕ್ಟರಕ್ಕ. ನಗರದ ಬಸ್ಸಿನಲ್ಲಿ ಕಂಡಕ್ಟರು, ಮನೆಯಲ್ಲೂ ಅದೇ ದನಿ. ಮಧ್ಯಾಹ್ನದ ಪಾಳಿಯಿದ್ದಾಗ ಮಂಡಿ ನೋವಿಗೆಂದು ಬೆಳಿಗ್ಗೆ ನಡೆಯುತ್ತಿದ್ದಳು.

"ಅಕ್ಕಾ... ಎದೆ... ಹೊಡ್ಕೋತಿದೆ..."

"ಓಡಿದ್ಯಾ?"

"ಹೂಂ."

"ಓಡಿದ್ರೆ ಹೊಡ್ಕೊಳ್ದೆ ಜೋಗುಳ ಹಾಡ್ತದಾ?" ಕಂಡಕ್ಟರಕ್ಕ ಮಂಡಿ ಹಿಡಿದುಕೊಂಡು ಉಸ್ಸೆಂದು ಪಕ್ಕದಲ್ಲೇ ಕೂತಳು. "ನನ್ನ ಬಸ್ಸು ಏರು ಹತ್ತೋವಾಗ ಹೇಗೆ ಅರಚ್ಕೊಳ್ತದೆ ಗೊತ್ತಾ? ಆಗೆಲ್ಲ ಪ್ಯಾಸೆಂಜರು ಕಿಟಕಿಯಿಂದ ಹಾರ್ಕೊಂಡ್ರೆ ನನ್ನ ಗತಿ ಏನು? ಕೂತ್ಕೋ. ಏರು ಮುಗೀಲಿ."

"ನಮ್ಮಮ್ಮನೂ ಹೀಗೇ..."

"ಗೊತ್ತಮ್ಮ." ದನಿ ತಗ್ಗಿತು. "ಡಾಕ್ಟರ್ ಹತ್ರ ಹೋಗಿದ್ಯಾ? ಏನಂದ್ರು?"

"ಏನೂ ಇಲ್ಲ ಅಂದ್ರು."

"ಮತ್ತೆ? ಕೈ ಇಡು ಎದೆ ಮೇಲೆ. ಓಡಿಸ್ಬೇಡ, ನಿಲ್ಲಿಸ್ಲೂಬೇಡ. ಏನು ಮಾಡ್ತದೆ ನೋಡ್ತಾ ಇರು, ಅಷ್ಟೆ."

ಬೆಕ್ಕಮ್ಮ ಕೈಯಿಟ್ಟಳು. ಅಂಗೈ ಕೆಳಗೆ ಅದು ಒದೆಯುತ್ತಿತ್ತು. ಒದ್ದಿತು, ಒದ್ದಿತು, ಆಮೇಲೆ ಒಲೆಯಿಂದ ಇಳಿಸಿದ ಹಾಲಿನ ಹಾಗೆ ನಿಧಾನವಾಗಿ ಕೆಳಗೆ ಕೂತಿತು. ತಾನಾಗಿಯೇ. ಅವಳಿಗೆ ಅಚ್ಚರಿಯಾಯಿತು. ಇಷ್ಟು ದಿನ ಅದು ಏರುವುದನ್ನು ಮಾತ್ರ ಕಂಡಿದ್ದಳು. ಇಳಿಯುವುದನ್ನು ಒಮ್ಮೆಯೂ ಕೂತು ನೋಡಿರಲಿಲ್ಲ. ಅಷ್ಟರಲ್ಲಿ ನಲ್ಲಿಗೋ ಬಾಗಿಲಿಗೋ ಓಡಿಬಿಡುತ್ತಿದ್ದಳು.

ಅಲ್ಲಿಂದ ಒಂದಷ್ಟು ದಿನ ಇಬ್ಬರೂ ಕೂಡಿ ನಡೆದರು. ಕಂಡಕ್ಟರಕ್ಕ ಬಸ್ಸಿನ ಜಗಳಗಳನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದಳು. ಒಂದು ದಿನ ನಡುವೆಯೇ ನಿಂತು ಬೆಕ್ಕಮ್ಮನ ಕೈ ನೋಡಿದಳು.

"ಏನೇ ಅದು, ಕೈಯಲ್ಲಿ ಏನು ಹಿಡ್ಕೊಂಡು ಬಂದಿದ್ದೀಯಾ?"

ಬೆಕ್ಕಮ್ಮ ನೋಡಿಕೊಂಡಳು. ಎರಡೂ ಮುಷ್ಟಿ ಬಿಗಿದಿದ್ದವು. ಹೆಬ್ಬೆರಳು ತೋರುಬೆರಳಿಗೆ ಒತ್ತಿಕೊಂಡಿತ್ತು, ಶೀಟಿನ ಮೂಲೆ ಹಿಡಿದ ಹಾಗೆಯೇ. ಬರಿಗೈಯಲ್ಲಿ ಮೂಲೆ ಹಿಡಿದುಕೊಂಡು ಅವಳು ಊರೆಲ್ಲ ಓಡಾಡುತ್ತಿದ್ದಳು.

"ಬಿಡೇ ಅದನ್ನ. ಬಿದ್ರೆ ಎತ್ಕೊಂಡ್ರಾಯ್ತು."

ಬಿಡಲು ಹೋದರೆ ಬೆರಳು ನೋಯಿತು. ಬೆರಳಿನ ನೋವು ಮೊಣಕೈಗೆ, ಮೊಣಕೈಯದು ಭುಜಕ್ಕೆ. ಭುಜ ಎಷ್ಟು ಮೇಲಿದೆಯೆಂದು ಅವಳಿಗೆ ಅಂದೇ ತಿಳಿದದ್ದು. ಇಳಿಸಿದಳು. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಮತ್ತೆ ಏರಿ ಕೂತಿತ್ತು. ಮತ್ತೆ ಇಳಿಸಿದಳು. ಅಮ್ಮನ ತುದಿಯಿಂದ ಅಮ್ಮನ ಸೊಂಟ ನೋವನ್ನು ಓದುತ್ತಿದ್ದವಳಿಗೆ ತನ್ನ ತುದಿಯಲ್ಲಿ ಏನಾಗುತ್ತಿದೆಯೆಂದು ಓದಲು ಬರುತ್ತಿರಲಿಲ್ಲ.

ಅಷ್ಟರಲ್ಲಿ ಕಂಡಕ್ಟರಕ್ಕನಿಗೆ ಬೆಳಗಿನ ಮೊದಲ ಬಸ್ಸಿನ ಪಾಳಿ ಬಿತ್ತು. "ಹೊಟ್ಟೆಪಾಡು ಕಣೇ, ಏನ್ ಮಾಡ್ಲಿ. ನೀನು ಮಾತ್ರ ಬಿಡ್ಬೇಡ, ರೈಟ್ ರೈಟ್!" ಎಂದು ಗೋಡೆ ತಟ್ಟಿ ಹೋದಳು. ಬೆಕ್ಕಮ್ಮ ಏಳುವ ಹೊತ್ತಿಗೆ ಕೆಳಮನೆಗೆ ಬೀಗ ಬಿದ್ದಿರುತ್ತಿತ್ತು.

ಒಬ್ಬಳೇ ನಡೆಯುವುದು ಬೇರೆಯೇ ಕೆಲಸ. ಮುಚ್ಚಿದ ಅಂಗಡಿಗಳ ಶಟರು, ಅವುಗಳ ಮುಂದೆ ಪೇರಿಸಿಟ್ಟ ಖಾಲಿ ಹಾಲಿನ ಕ್ರೇಟು, ಮೂರನೆಯ ಮಹಡಿಯ ಕಿಟಕಿಯಲ್ಲಿ ಹಲ್ಲುಜ್ಜುತ್ತ ನಿಲ್ಲುವ ಮನುಷ್ಯ. ಅವನು ರಸ್ತೆ ನೋಡುತ್ತಿದ್ದ, ಅವಳನ್ನಲ್ಲ. ಎದುರಿಗೆ ಓಡಿ ಬರುವವರು ಕಿವಿಗೆ ಹಾಡು ಸಿಕ್ಕಿಸಿಕೊಂಡಿರುತ್ತಿದ್ದರು. ಇಂದು ಯಾರಾದರೂ ತಲೆಯಾಡಿಸಬಹುದೆಂದು ಅವಳು ಮುಖವನ್ನು ಸ್ವಲ್ಪ ಸಿದ್ಧಮಾಡಿಟ್ಟುಕೊಂಡು ಹೋಗುವಳು, ಹಾಗೆಯೇ ಮರಳಿ ತರುವಳು. ಎಷ್ಟೋ ದಿನ ಅವಳ ಬಾಯಿಂದ ಮೊದಲ ಮಾತು ಹೊರಡುವುದು ಲಾಂಡ್ರಿಗೆ ಹೋದ ಮೇಲೆಯೇ. ಅದೂ "ಹೂಂ" ಎಂದು.

ಮಾತಾಡಲು ಇದ್ದದ್ದು ಮೈಯೊಂದೇ. ಏರಿನಲ್ಲಿ ಮೀನಖಂಡ ಬಿಗಿದುಕೊಂಡರೆ ನಿಧಾನಿಸುತ್ತಿದ್ದಳು. ಉಸಿರು ಮೇಲೆ ಸಿಕ್ಕಿಕೊಂಡರೆ ನಿಂತು ಹೊಟ್ಟೆಗೆ ಇಳಿಸುತ್ತಿದ್ದಳು. ಕೆಲವು ದಿನ ಮೈ ಬೇಡ ಎನ್ನುತ್ತಿತ್ತು. ಟ್ಯಾಂಕಿನ ತನಕ ಹೋಗಿ ಕಲ್ಲಿನ ಮೇಲೆ ಕೂತು ಬರುತ್ತಿದ್ದಳು. ಕೆಲವು ದಿನ ಕಾಲು ತಾವಾಗಿಯೇ ಇನ್ನೊಂದು ಸುತ್ತು ಕೇಳುತ್ತಿದ್ದವು. ಮನೆಯಲ್ಲಿ ಎದೆ ಬಡಿದುಕೊಳ್ಳುವುದು ನಿಲ್ಲಲಿಲ್ಲ. ಆದರೆ ಅದು ಬಂದಾಗ ನಲ್ಲಿಯ ಕಡೆ ಓಡದೆ ನೆಲದ ಮೇಲೆ ಕೂತು, ಅಂಗೈಯಿಟ್ಟು, "ಏರು, ಏರು ಅಷ್ಟೆ" ಎಂದುಕೊಳ್ಳುವುದನ್ನು ಕಲಿತಳು. ಕೆಲವೊಮ್ಮೆ ಬೇಗ ಇಳಿಯುತ್ತಿತ್ತು. ಕೆಲವೊಮ್ಮೆ ಚಹಾದ ನೀರು ಇಂಗಿ ಪಾತ್ರೆ ಸೀಯುತ್ತಿತ್ತು.

ತಿಂಗಳ ಮೊದಲ ದಿನ ಗೋಡೆಯ ಕೊಕ್ಕೆಗಳು ಇರಲಿಲ್ಲ. ಇಸ್ತ್ರಿಯಾತ ಕಣ್ಣು ತಪ್ಪಿಸಿಕೊಂಡು, "ಮೇಡಂ ಕೀಳು ಅಂದ್ರು ಕಣಮ್ಮ" ಎಂದ. ಎರಡು ತೂತು ಮಾತ್ರ ಉಳಿದಿದ್ದವು. ಅವುಗಳ ಮುಂದೆ ಹೊಸಬಳು ನಿಂತಿದ್ದಳು. ಅಗಲ ಮೈಯ, ನಡುವಯಸ್ಸಿನ ಹೆಂಗಸು. ಇದಕ್ಕೆ ಮೊದಲು ಯಾವುದೋ ಹಾಸ್ಟೆಲಿನ ಅಡುಗೆಮನೆಯಲ್ಲಿದ್ದಳಂತೆ.

"ಬಾ ಮಗಳೇ. ಅನ್ನದ ಹಂಡೆ ಇಳಿಸಿದ ಕೈ ಇದು, ಬಟ್ಟೆಗೆಲ್ಲ ಹೆದರಲ್ಲ."

ಬೆಕ್ಕಮ್ಮ ಮೂಲೆ ಹಿಡಿದಳು. ಓಣಿಯ ಕೊನೆಯಲ್ಲಿ ಟವೆಲ್ ಕೋಣೆಯ ಬಾಗಿಲು ತೆರೆದೇ ಇತ್ತು. ಸಂಜೆಯೊಳಗೆ ಹೇಳಬೇಕೆಂದು ಮೇಲ್ವಿಚಾರಕಿ ಬೆಳಿಗ್ಗೆಯೇ ನೆನಪಿಸಿದ್ದಳು.

ಮೊದಲ ಶೀಟು ಹೇಗೋ ಮುಗಿಯಿತು. ಎರಡನೆಯದಕ್ಕೆ ಹೊಸಬಳು ಮುಂದಕ್ಕೆ ಮುಗ್ಗರಿಸಿದಳು. "ಅಬ್ಬಾ, ಶೀಟು ಜಗ್ತಿದ್ದೀಯೋ ನನ್ನನ್ನೋ? ಸ್ವಲ್ಪ ಬಿಡು ತಾಯಿ, ನನಗೂ ಎರಡೇ ಕಾಲು ಇರೋದು." ಇಸ್ತ್ರಿಯಾತ ಕಿಸಕ್ಕೆಂದ. ಬೆಕ್ಕಮ್ಮ ಭುಜ ಇಳಿಸಿದಳು. ಮತ್ತೆ ಏರಿತು.

ಹೀಗೆ ರಾಶಿ ಅರ್ಧಕ್ಕೆ ಬಂದಿತ್ತು. ಒದರಲೆಂದು ಇಬ್ಬರೂ ಶೀಟು ಎತ್ತಿದರು. ಬಿಳಿ ಬಟ್ಟೆ ನಡುವೆ ಎದ್ದು ನಿಂತಿತು. ಆಗ ಆಚೆ ತುದಿ ಸಡಿಲವಾಯಿತು.

ಅವಳ ಎದೆ ಧಸಕ್ಕೆಂದಿತು. ಶೀಟು ಗಾಳಿ ಬಿಟ್ಟುಕೊಂಡು ಕೆಳಗಿಳಿಯುತ್ತಿತ್ತು, ಅದೇ ಹಾಗೆ, ಅಷ್ಟೇ ಮೆಲ್ಲಗೆ. ಆಚೆ ನಿಂತಿದ್ದವಳ ತಲೆ ಕಾಣಲಿಲ್ಲ. ಕಾಲು ಓಡು ಎಂದಿತು. ಟವೆಲ್ ಕೋಣೆಯ ಬಾಗಿಲು ಎಷ್ಟು ಹತ್ತಿರ. ಅವಳು ಆ ಕಡೆ ಅರ್ಧ ತಿರುಗಿಯೂ ಆಗಿತ್ತು. ಆಗ ಮುಷ್ಟಿಯ ನೋವು ತಿಳಿಯಿತು. ಹೆಬ್ಬೆರಳು ತೋರುಬೆರಳನ್ನು ಒತ್ತುತ್ತಿತ್ತು. ಏರು, ಎಂದುಕೊಂಡಳು. ವರ್ಷದ ಹಿಂದೆ ಕೇಳಬೇಕಾಗಿದ್ದ ಮಾತು ಹೊರಗೆ ಬಂತು.

"ಇದ್ದೀರಾ?"

ಶೀಟಿನ ಹಿಂದಿನಿಂದ ಗೋಡೆ ನಡುಗುವಂಥ ಸೀನೊಂದು ಬಂತು. ಅದರ ಹಿಂದೆಯೇ ಇನ್ನೊಂದು.

"ಎಲ್ಲಿಗೆ ಹೋಗ್ಲಿ ತಾಯಿ! ಮೂಗು ಒರೆಸ್ಕೊಳ್ಳೋದಕ್ಕೂ ರಜೆ ಕೇಳ್ಬೇಕಾ ಇಲ್ಲಿ? ಏನು ಧೂಳೋ ಏನೋ ಈ ಬಟ್ಟೇಲಿ!" ಬಗ್ಗಿ ಕೂತಿದ್ದ ಹೊಸಬಳು ಎದ್ದಳು. ಬೆಕ್ಕಮ್ಮನ ಮುಖ ನೋಡಿ ಅವಳ ನಗು ಅಲ್ಲೇ ನಿಂತಿತು. "ಏನಾಯ್ತು? ಯಾಕೆ ಹೀಗೆ ಬಿಳಿಚ್ಕೊಂಡಿದ್ದೀಯಾ?"

"ಎದೆ ಹೊಡ್ಕೋತಿದೆ" ಎಂದಳು ಬೆಕ್ಕಮ್ಮ. ಆ ನೆಲಮಾಳಿಗೆಯಲ್ಲಿ ಯಾರಿಗೂ ಹೇಳದಿದ್ದ ಮಾತು. "ಸ್ವಲ್ಪ ಹೊತ್ತು ಕೂತ್ಕೋತೀನಿ. ತಾನೇ ಇಳಿಯುತ್ತೆ."

"ನೀರು ತರ್ಲಾ? ಯಾರನ್ನಾದ್ರೂ ಕರೀಲಾ?"

"ಬೇಡ. ಇಲ್ಲೇ ಇರಿ."

ಮಗುಚಿ ಹಾಕಿದ್ದ ಬುಟ್ಟಿಯ ಮೇಲೆ ಇಬ್ಬರೂ ಕೂತರು. ಇಸ್ತ್ರಿಯಾತ ಯಂತ್ರದ ಹಬೆ ಆರಿಸಿ ಆಚೆ ಮುಖ ಮಾಡಿ ನಿಂತ. ಬೆಕ್ಕಮ್ಮನ ಅಂಗೈ ಕೆಳಗೆ ಅದು ಒದೆಯುತ್ತಿತ್ತು. ಈ ಸಲ ಬೇಗ ಇಳಿಯಲಿಲ್ಲ. ಕಣ್ಣಿಂದ ನೀರು ಇಳಿಯಿತು. ಒರೆಸಲು ಬಟ್ಟೆಗೇನೂ ಕೊರತೆಯಿರಲಿಲ್ಲ, ಅವಳು ಒರೆಸಿಕೊಳ್ಳಲಿಲ್ಲ. ಆಮೇಲೆ ಅದು ಮೆಲ್ಲಗೆ ಕೂತಿತು.

ಎದ್ದು ಮೂಲೆ ಹಿಡಿದಳು. ಹೊಸಬಳೂ ಹಿಡಿದಳು. ಒದರುವ ಮುಂಚೆ ಆಚೆ ತುದಿಯಿಂದ ಒಂದು ಸಣ್ಣ ಜಗ್ಗು ಬಂತು, ಇದ್ದೇನೆ ಎಂಬಂತೆ. ಅದು ಅಮ್ಮನ ಕೈಯಲ್ಲ. ಒರಟು ಕೈ, ಜಗ್ಗುವುದೂ ಗೊತ್ತಿಲ್ಲದ ಕೈ. ಬೆಕ್ಕಮ್ಮ ತನ್ನ ತುದಿಯನ್ನು ಸ್ವಲ್ಪವೇ ಸಡಿಲಿಸಿ ಕೊಟ್ಟಳು.

ಸಂಜೆ ಮೇಲ್ವಿಚಾರಕಿ ಬಾಗಿಲಲ್ಲಿ ತಲೆ ತೂರಿಸಿ, "ಏನೇ, ಟವೆಲ್ಲೋ ಶೀಟೋ?" ಎಂದಳು.

"ಶೀಟೇ" ಎಂದಳು ಬೆಕ್ಕಮ್ಮ. ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು.

ಮನೆಗೆ ಬಂದಾಗ ಕೆಳಮನೆಯಲ್ಲಿ ದೀಪವಿರಲಿಲ್ಲ; ಕಂಡಕ್ಟರಕ್ಕ ಇಷ್ಟು ಹೊತ್ತಿಗೇ ಮಲಗುವವಳು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಹಗ್ಗದ ಮೇಲೆ ಅವಳ ಹಾಸಿಗೆಯ ಶೀಟು ಒಣಗಿತ್ತು. ಅಮ್ಮನೂ ಅವಳೂ ಮಲಗುತ್ತಿದ್ದ ದೊಡ್ಡ ಶೀಟು. ದಿನವಿಡೀ ಊರಿನವರ ಶೀಟು ಮಡಚುವವಳು ತನ್ನದನ್ನು ಅಮ್ಮ ಹೋದಾಗಿನಿಂದ ಮಡಚಿರಲಿಲ್ಲ, ಮುದ್ದೆ ಮಾಡಿ ಮೂಲೆಗೆ ತುರುಕುತ್ತಿದ್ದಳು. ಆಚೆ ತುದಿಗೆ ಯಾರಿದ್ದರು?

ಇವತ್ತು ಅದನ್ನು ಉದ್ದಕ್ಕೆ ಜೋಡಿಸಿ, ನಡುವನ್ನು ಗದ್ದದ ಕೆಳಗೆ ಸಿಕ್ಕಿಸಿ ಹಿಡಿದು, ಎರಡೂ ಕೈ ಚಾಚಿ ಅಂಚಿಗೆ ಅಂಚು ಕೂಡಿಸಿದಳು. ಗದ್ದದ ಕೆಳಗೆ ಬಟ್ಟೆಗೆ ಒತ್ತಿಕೊಂಡು ಅವಳ ನಾಡಿ ಬಡಿಯುತ್ತಿತ್ತು. ಅವಳು ಅಲುಗದೆ ನಿಂತು ಸ್ವಲ್ಪ ಹೊತ್ತು ಅದನ್ನು ಕೇಳಿದಳು. ಮಡಿಕೆ ಅಷ್ಟೇನೂ ನೇರವಾಗಿ ಬರಲಿಲ್ಲ. ಹಾಗೆಯೇ ಎತ್ತಿ ಮಂಚದ ಮೇಲಿಟ್ಟು, ಅಗಳಿ ಹಾಕಿಕೊಂಡು, ಚಹಾಕ್ಕೆ ನೀರಿಟ್ಟಳು.